ಅಕ್ಕನ ಕೋಳಿಗಳ ಮೇಲೆ ನಾನು ಬರೆದ ಅರ್ಜಿ

ಮೂವತ್ತು ವರ್ಷಕ್ಕೂ ಮಿಕ್ಕಿ ಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ಬ್ಯಾರಿ ಮುಸ್ಲಿಂ ಹೆಂಗಸು ಕನ್ನಡ ಟೀಚರ್ ಎಂದರೆ ಇವತ್ತಿಗೂ ಕೆಲವರ ಹುಬ್ಬು ಮೇಲೇರುತ್ತದೆ. "ನಿಮ್ಮ ಕನ್ನಡ ಎಷ್ಟು ಚೆಂದ ಉಂಟು!" ಎಂದು ನನ್ನೆದುರೇ ಆಶ್ಚರ್ಯಪಡುತ್ತಾರೆ. "ನನಗೆ ಸಂಬಳ ಕೊಡ್ತಾ ಇದ್ದದ್ದು ಅದಕ್ಕೇ ಅಲ್ವಾ?" ಎಂದು ಕೇಳಿ ಅಂಥವರ ಬಾಯಿ ಮುಚ್ಚಿಸುವುದು ನನಗೆ ಅಭ್ಯಾಸವಾಗಿದೆ. ಬಾಯಿ ಜೋರು ಎಂದು ಮನೆಯಲ್ಲಿ ಇವರೂ ಹೇಳುತ್ತಾರೆ. ಆ ಜೋರು ಬಾಯಿ ನಿಜವಾಗಿ ಬೇಕಾಗಿದ್ದ ಹೊತ್ತಿನಲ್ಲಿ ನನ್ನ ಬಳಿ ಇರಲಿಲ್ಲ. ಈಗ ಹೇಳಲು ಹೊರಟದ್ದು ಅದನ್ನೇ.

ಮಂಗಳೂರು ಕುಲಶೇಖರದ ನಮ್ಮ ಓಣಿಯಲ್ಲಿ ಕನ್ನಡ ಯಾರಿಗೂ ಮನೆಮಾತಲ್ಲ. ತುಳು, ಕೊಂಕಣಿ, ಬ್ಯಾರಿ, ಇಷ್ಟರಲ್ಲೇ ಜಗಳ, ರಾಜಿ, ಮದುವೆ ಮಾತುಕತೆ ಎಲ್ಲ ಮುಗಿಯುತ್ತದೆ. ಕನ್ನಡ ಬೇಕಾಗುವುದು ಆಫೀಸಿನ ಕಾಗದ ಬಂದಾಗ. ಆಗ ಎಲ್ಲರೂ ನಮ್ಮ ಜಗಲಿ ಹತ್ತುತ್ತಾರೆ. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿದೆ, ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಪಿಂಚಣಿ ನಿಂತಿದೆ. "ಒಂದು ಅರ್ಜಿ ಬರ್ದು ಕೊಡಿ ಟೀಚರೇ." ನಾನು ಬರೆದ ಅರ್ಜಿ ಕೆಲಸ ಮಾಡದೆ ಬಿದ್ದಿದ್ದು ಕಡಿಮೆ. ಎಲ್ಲಿ ಕೈಮುಗಿಯಬೇಕು, ಎಲ್ಲಿ ಸ್ವಲ್ಪ ಕಣ್ಣೀರು ಹಾಕಿಸಬೇಕು, ಎಲ್ಲಿ ಮೇಲಧಿಕಾರಿಯ ಭಯ ಹುಟ್ಟಿಸಬೇಕು, ನನಗೆ ಗೊತ್ತು. ಅಹಂಕಾರವೇ ಅದು, ಇಲ್ಲವೆನ್ನುವುದಿಲ್ಲ.

ಗೋಡೆಯಾಚೆಯ ಮನೆಯವರನ್ನು ನಾನು ಅಕ್ಕ ಎಂದೇ ಕರೆಯುವುದು. ತುಳುವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಐದು ಸೆಂಟ್ಸ್ ಜಾಗ, ಹಂಚಿನ ಮನೆ, ಮತ್ತೆ ಕೋಳಿಗಳು. ಫಾರಮ್ಮಿನ ಬಿಳಿ ಕೋಳಿಯಲ್ಲ, ಊರ ಕೋಳಿ. ಬಾಣಂತಿ ಇರುವ ಮನೆಗೆ ಮೊಟ್ಟೆ, ದೈವಕ್ಕೆ ಅಗೆಲಿನ ಎಡೆ ಬಡಿಸುವವರಿಗೆ ಹುಂಜ, ಫ್ಲ್ಯಾಟಿನವರ ಆದಿತ್ಯವಾರದ ಸಾರಿಗೆ ಹೇಂಟೆ. ಬಿಕರ್ನಕಟ್ಟೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಅಕ್ಕ ಒಮ್ಮೆ ಬಾವಿಕಟ್ಟೆಗೆ ಒರಗಿ ನಿಂತು ಹೇಳಿದ್ದರು: "ಈ ಕೋಳಿ ಇರುವ ತನಕ ನಾನು ನನ್ನ ಮನೆಯಲ್ಲಿ ಟೀಚರೇ. ಇದು ಇಲ್ಲದಿದ್ರೆ ತಮ್ಮನ ಮನೆಗೆ ಹೋಗಿ ಅವನ ಹೆಂಡತಿ ಬಡಿಸಿದ ಗಂಜಿ ತಲೆ ತಗ್ಗಿಸಿ ಉಣ್ಬೇಕು. ನನ್ನಿಂದ ಆಗ್ಲಿಕ್ಕಿಲ್ಲ."

ಅಕ್ಕನಿಗೆ ಓದಲು ಬರುವುದಿಲ್ಲ. ಹೆಸರು ಬರೆಯುತ್ತಾರೆ, ಅಷ್ಟೆ. ಅವರ ಮನೆಗೆ ಬಂದ ಪ್ರತಿಯೊಂದು ಕಾಗದವನ್ನೂ ನಾನೇ ಓದಿ ತುಳುವಿನಲ್ಲಿ ಹೇಳುತ್ತಿದ್ದೆ. ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಬರೆಯುವುದಕ್ಕಾಗಿ ಕನ್ನಡ ಮಾಡಿದ್ದೇನೆ. ಪ್ರತಿಯಾಗಿ ವಾರಕ್ಕೊಮ್ಮೆ ಗೋಡೆಯ ಮೇಲೆ ಮೊಟ್ಟೆ ಇಟ್ಟು ಹೋಗುತ್ತಿದ್ದರು. ಬೇಡ ಎಂದರೆ, "ನೀವು ಓದಿದ್ದು ಪುಕ್ಕಟೆಯಾ?" ಎಂದು ರೇಗುತ್ತಿದ್ದರು.

ಆದರೆ ಕೋಳಿ ಎಂದರೆ ಬರೀ ಮೊಟ್ಟೆ ಅಲ್ಲವಲ್ಲ! ಮೊದಲು ಹತ್ತು ಇದ್ದದ್ದು ಈ ಅರ್ಜಿ ಬರೆದ ವರ್ಷ ಮೂವತ್ತು ದಾಟಿತು. ಐದು ಹುಂಜಗಳು ನಸುಕಿನ ಸುಬಹಿ ಬಾಂಗಿಗೂ ಮೊದಲೇ ಪೈಪೋಟಿಯ ಮೇಲೆ ಕೂಗಲು ಶುರುಮಾಡುತ್ತಿದ್ದವು. ಹಿಕ್ಕೆಯನ್ನೆಲ್ಲ ಗುಡಿಸಿ ಅಕ್ಕ ನಮ್ಮ ಗೋಡೆಯ ಬುಡದಲ್ಲಿ ರಾಶಿ ಹಾಕುತ್ತಿದ್ದರು, ಗೋಡೆಯ ಈಚೆ ನಮ್ಮ ಬಾವಿ. ಬೇಸಗೆಯ ಸೆಕೆಗೆ ಅದು ಹುಳಿತು ಬರುವ ವಾಸನೆ ಅಡುಗೆಮನೆಯ ತನಕ. ಅಕ್ಕಿಯ ಪತ್ತಿರ್ ರೊಟ್ಟಿ ತಟ್ಟಲು ಕೂತರೆ ಹಿಟ್ಟಿನ ಮೇಲೆ ನೊಣ, ಚಹಾದಲ್ಲಿ ನೊಣ, ಇವರು ಪೇಪರ್ ಓದುವ ಕನ್ನಡಕದ ಮೇಲೂ ನೊಣ.

ಹೇಳಲಿಲ್ಲವೇ ನೀನು ಎಂದು ಯಾರಾದರೂ ಕೇಳಿಯಾರು. ಹೇಳಿದೆ, ನನ್ನ ರೀತಿಯಲ್ಲಿ. "ಅಕ್ಕಾ, ಈ ಸಲ ನೊಣ ಸ್ವಲ್ಪ ಜಾಸ್ತಿ ಅಲ್ವಾ?" ಎಂದೆ. "ಹೌದು ಮಾರಾಯ್ರೆ, ನಿಮ್ಮಲ್ಲಿಯೂ ಉಂಟಾ? ಹಲಸು, ಮಾವು ಬಿದ್ದು ಕೊಳೀತದಲ್ಲ" ಎಂದು ಅವರು ಹಲಸಿನ ಮೇಲೆ ಹಾಕಿದರು. ಅವರ ಮೊಟ್ಟೆ ತಿಂದ ಬಾಯಲ್ಲಿ ಅವರ ಕೋಳಿಯನ್ನು ದೂರುವುದು ಹೇಗೆ? ಹೆಡ್‌ಮಾಸ್ಟರರಿಗೇ ಎದುರು ಮಾತಾಡಿದವಳು ನಾನು, ಗೋಡೆಯ ಹತ್ತಿರ ನಿಂತು ಹಲ್ಲು ಕಿರಿದು ಒಳಗೆ ಬಂದೆ.

ಆಮೇಲೊಂದು ಮಧ್ಯಾಹ್ನ, ಹಲಸಿನ ಹಪ್ಪಳ. ಬೆಳಗಿನಿಂದ ಸೊಂಟ ಮುರಿದು ತಟ್ಟಿ ಅಂಗಳದ ಚಾಪೆಯ ಮೇಲೆ ಒಣಹಾಕಿದ್ದೆ. ನಮಾಜು ಮುಗಿಸಿ ಹೊರಗೆ ಬಂದು ನೋಡುತ್ತೇನೆ, ಒಂದು ಹೇಂಟೆ ಮರಿಗಳನ್ನು ಕಟ್ಟಿಕೊಂಡು ಗೋಡೆ ಹಾರಿ ಬಂದು ಚಾಪೆಯ ಈ ತುದಿಯಿಂದ ಆ ತುದಿಗೆ ನಡೆದಾಡುತ್ತಿದೆ. ಮೆಟ್ಟಿದ್ದು ಮಾತ್ರವಲ್ಲ, ಉಳಿದದ್ದನ್ನೂ ಮಾಡಿತ್ತು. ಮೈಯೆಲ್ಲ ಉರಿದುಹೋಯಿತು. ಹಪ್ಪಳವನ್ನೆಲ್ಲ ತೆಂಗಿನ ಬುಡಕ್ಕೆ ಸುರಿದು, ಕೈ ತೊಳೆದು, ಕಾಗದ ತೆಗೆದು ಕೂತೆ.

ಯಾ ಅಲ್ಲಾ, ಎಂಥ ಅರ್ಜಿ ಅದು! ಪಾಲಿಕೆಯ ಆರೋಗ್ಯ ವಿಭಾಗದ ಅಧಿಕಾರಿಗಳಿಗೆ ಬರೆದೆ. ವಸತಿ ಪ್ರದೇಶದಲ್ಲಿ ಕೋಳಿ ಸಾಕಿ ಸಾರ್ವಜನಿಕರಿಗೆ ಉಪದ್ರವ ಉಂಟುಮಾಡುತ್ತಿರುವುದನ್ನು ಬರೆದೆ. ಮೂವತ್ತು ಕೋಳಿ ನೂರಾರು ಆಯಿತು. ಬಾವಿಯ ನೀರು ಕೆಟ್ಟಿದೆ ಎಂದೆ. ಕೆಟ್ಟಿರಲಿಲ್ಲ, ಕೆಡಬಹುದು ಎಂಬ ಹೆದರಿಕೆ ಮಾತ್ರ ಇತ್ತು. ಅಷ್ಟಕ್ಕೇ ಅಧಿಕಾರಿಗಳು ಏಳುವುದಿಲ್ಲವೆಂದು ನನ್ನ ಇಷ್ಟು ವರ್ಷದ ಅನುಭವ ಹೇಳಿತು. ಇನ್ನೊಂದು ಸಾಲು ಸೇರಿಸಿದೆ: "ಈಗಾಗಲೇ ಓಣಿಯ ಎಳೆಯ ಮಕ್ಕಳು ವಾಂತಿಭೇದಿಯಿಂದ ನರಳುತ್ತಿದ್ದಾರೆ." ಒಂದು ಮಗುವಿಗೂ ಏನೂ ಆಗಿರಲಿಲ್ಲ. ಕೆಳಗೆ "ನೊಂದ ಸಾರ್ವಜನಿಕರು" ಎಂದು ಬರೆದು ಹೆಸರು ಹಾಕದೆ, ಮರುದಿನ ಜೆಪ್ಪುವಿನ ತಂಗಿಯ ಮನೆಗೆ ಹೋದವಳು ಅಲ್ಲಿಯ ಅಂಚೆ ಡಬ್ಬಿಗೆ ಹಾಕಿ ಬಂದೆ. ಯಾರಾದರೂ ಬಂದು ಅಕ್ಕನಿಗೆ ನಾಲ್ಕು ಮಾತು ಹೇಳಿ ಹೋಗುತ್ತಾರೆ, ರಾಶಿ ಅಲ್ಲಿಂದ ಹೋಗುತ್ತದೆ, ಇಷ್ಟೇ ನನ್ನ ಲೆಕ್ಕಾಚಾರ.

ಕೆಲವು ವಾರ ಏನೂ ಆಗಲಿಲ್ಲ. ನನ್ನ ಸಿಟ್ಟೂ ಇಳಿದಿತ್ತು, ಅರ್ಜಿ ಮರೆತೇ ಹೋದಂತಾಗಿತ್ತು. ಒಂದು ಬೆಳಿಗ್ಗೆ ಅಕ್ಕ ಗೇಟು ತೆಗೆದು ಬಂದರು. ಕೈಯಲ್ಲಿ ಒಂದು ಕಾಗದ. "ಎಂತದೋ ಸೀಲ್ ಹಾಕಿದ್ದು ಬಂದುಂಟು ಟೀಚರೇ. ಪಿಂಚಣಿದ್ದಾ ನೋಡಿ."

ನೋಟೀಸು. ಏಳು ದಿನದೊಳಗೆ ಸಮಸ್ತ ಕೋಳಿಗಳನ್ನು ತೆರವುಗೊಳಿಸತಕ್ಕದ್ದು, ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು. ಅದರ ನಡುವೆ ನನ್ನದೇ ಸಾಲು, ನನ್ನದೇ ಪದಗಳಲ್ಲಿ: ಎಳೆಯ ಮಕ್ಕಳು ವಾಂತಿಭೇದಿಯಿಂದ ನರಳುತ್ತಿದ್ದಾರೆಂದು ದೂರು ಬಂದಿರುವ ಮೇರೆಗೆ. ನನ್ನ ಮುಖವನ್ನೇ ನೋಡುತ್ತ ಅಕ್ಕ ಕೂತಿದ್ದರು. ಓದಿದೆ, ತುಳುವಿನಲ್ಲಿ ಹೇಳಿದೆ.

ಕೋಳಿ ತೆಗೆಯಬೇಕು ಎಂದದ್ದನ್ನು ಅವರು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. "ಯಾರ ಮಕ್ಕಳಿಗೆ?" ಎಂದರು. "ನನ್ನ ಕೋಳಿಯಿಂದ ಯಾರ ಮಕ್ಕಳಿಗೆ ವಾಂತಿ ಆಯ್ತು ಟೀಚರೇ? ನನಗೆ ಯಾರೂ ಹೇಳಲೇ ಇಲ್ಲವಲ್ಲ!"

"ಹೆಸರು ಹಾಕ್ಲಿಲ್ಲ ಅಕ್ಕಾ" ಎಂದೆ. ಅದು ಮಾತ್ರ ಸತ್ಯ.

ಆ ಸಂಜೆ ನಮ್ಮ ಕಿಟಕಿಯಿಂದ ಕಂಡದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅಕ್ಕ ಒಳ್ಳೆಯ ಸೀರೆ ಉಟ್ಟು, ಒಂದು ಚೀಲದಲ್ಲಿ ಸೀಯಾಳ ಹಾಕಿಕೊಂಡು, ಓಣಿಯ ಮನೆಮನೆಗೆ ಹೋದರು. ಮಕ್ಕಳಿರುವ ಒಂದು ಮನೆಯನ್ನೂ ಬಿಡಲಿಲ್ಲ. ಗೇಟಿನ ಹತ್ತಿರ ನಿಂತು ಕೇಳುವುದು: "ನಿಮ್ಮ ಪುಟ್ಟನಿಗೆ ಹೊಟ್ಟೆ ಸರಿ ಉಂಟಾ? ಹುಷಾರಿಲ್ಲದೆ ಇತ್ತಾ?" ಇಲ್ಲವೆಂದರೆ ಮುಂದಿನ ಮನೆ. ಯಾವ ಮಗುವಿಗೆ ಕೊಡಬೇಕೆಂದು ತಂದ ಸೀಯಾಳವೋ, ಅದನ್ನು ಹಾಗೆಯೇ ಹೊತ್ತು ವಾಪಸು ಬಂದರು. "ಒಬ್ಬರೂ ಒಪ್ಪಿಕೊಳ್ಳುವುದಿಲ್ಲ ಟೀಚರೇ, ದಾಕ್ಷಿಣ್ಯಕ್ಕೆ ಇಲ್ಲ ಅಂತಾರೆ ಪಾಪ" ಎಂದರು ಗೋಡೆಯಾಚೆಯಿಂದ. ನಾನು ಒಳಗೆ ಹೋಗಿ ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತೆ. ಅಳುವುದಕ್ಕೂ ನಲ್ಲಿ ತಿರುಗಿಸಬೇಕಾಯಿತು, ಇವರಿಗೆ ಕೇಳಬಾರದಲ್ಲ.

ಮರುದಿನ ಅಕ್ಕ ಮತ್ತೆ ಜಗಲಿಯಲ್ಲಿ. "ಒಂದು ಉತ್ತರ ಬರ್ದು ಕೊಡಿ. ನೀವು ಬರೆದ್ರೆ ಅವರು ಕೇಳ್ತಾರೆ." ಬೇಡ ಎನ್ನಲು ಕಾರಣ ಏನು ಹೇಳಲಿ? ಬರೆದೆ. ನನ್ನದೇ ಅರ್ಜಿಗೆ ನಾನೇ ಸಮಜಾಯಿಷಿ. ಬಡ ವಿಧವೆ, ಕೋಳಿ ಬಿಟ್ಟರೆ ಬೇರೆ ಆಧಾರವಿಲ್ಲ, ಕಾಲಾವಕಾಶ ಕೊಟ್ಟು ಸ್ಥಳ ಪರಿಶೀಲನೆ ಮಾಡಬೇಕು. ಅಕ್ಕ ಹೆಸರು ಬರೆದರು. ಕೊನೆಗೆ ಆ ಕಾಗದವನ್ನು ಕಣ್ಣಿಗೊತ್ತಿಕೊಂಡರು, ಅದೇನು ಪ್ರಸಾದವೋ ಎಂಬಂತೆ.

ಆವತ್ತೇ ಅಕ್ಕನ ತಮ್ಮನ ಮಗ ಮತ್ತಿಬ್ಬರ ಜತೆ ಬೈಕಿನಲ್ಲಿ ಬಂದ. "ಯಾರು ಬರೆದದ್ದು ಅಂತ ಗೊತ್ತಾಗ್ಲಿ, ಆಮೇಲೆ ನಾವು ಮಾತಾಡ್ತೇವೆ" ಎಂದು ಓಣಿಗೆ ಕೇಳುವ ಹಾಗೆ ಹೇಳಿದ. ಹೇಳುವಾಗ ನಮ್ಮ ಮನೆಯ ಕಡೆ ಸ್ವಲ್ಪ ಜಾಸ್ತಿಯೇ ನೋಡಿದ. ಅಕ್ಕ ಹೊರಗೆ ಬಂದು ಗದರಿದರು: "ಟೀಚರ ಮನೆ ಎಂತಕ್ಕೆ ನೋಡುವುದು ನೀನು? ಅವರಿಲ್ಲದಿದ್ರೆ ನನಗೆ ಈ ಓಣಿಯಲ್ಲಿ ಯಾರಿದ್ದಾರೆ?" ಆ ಮಾತು ಕೇಳುವ ಬದಲು ಆ ಹುಡುಗರು ಬಂದು ಕಲ್ಲು ಹೊಡೆದಿದ್ದರೆ ವಾಸಿ ಇತ್ತು ಎನಿಸಿತು ನನಗೆ.

ಇವರಿಗೆ ಹೇಳಿಬಿಟ್ಟೆ. ಪೇಪರ್ ಕೆಳಗಿಟ್ಟು ನನ್ನನ್ನೇ ನೋಡಿದರು. "ನೀನಾ? ತಲೆ ಸರಿ ಉಂಟಾ ನಿನಗೆ?" ಎಂದರು. ಆಮೇಲೆ ದನಿ ತಗ್ಗಿಸಿ, "ಬಾಯಿ ಬಿಡ್ಬೇಡ. ಈ ಊರಿನಲ್ಲಿ ಇದು ಕೋಳಿಯ ವಿಷಯ ಆಗಿ ಉಳಿಯುವುದಿಲ್ಲ ಗೊತ್ತುಂಟಲ್ಲ" ಎಂದರು. ಗೊತ್ತಿತ್ತು. ಅದಕ್ಕೇ ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದೆ.

ಪರಿಶೀಲನೆಗೆ ಬಂದವಳು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಧಾರವಾಡದ ಕಡೆಯವಳು. ಹೆಲ್ತ್ ಇನ್‌ಸ್ಪೆಕ್ಟರ್. ಅವಳ ಕನ್ನಡ ಅಕ್ಕನಿಗೆ ಅರ್ಥವಾಗುವುದಿಲ್ಲ, ಅಕ್ಕನ ತುಳು ಅವಳಿಗೆ ಅರ್ಥವಾಗುವುದಿಲ್ಲ. ನಡುವೆ ನಾನು, ದುಭಾಷಿ! ಅವಳು ಗೂಡು ನೋಡಿದಳು, ಬಾವಿಗೆ ಎಷ್ಟು ದೂರ ಎಂದು ಹೆಜ್ಜೆ ಹಾಕಿ ಅಳೆದಳು, ರಾಶಿಯ ಹತ್ತಿರ ಮೂಗು ಮುಚ್ಚಿಕೊಂಡಳು.

"ಅಷ್ಟೇನ ಕೆಟ್ಟದ್ದಿಲ್ಲ ಬಿಡ್ರಿ" ಎಂದಳು. "ಹತ್ತ ಕೋಳಿ, ಒಂದ ಹುಂಜ ಇಟ್ಕೊಳ್ಲಿ. ಗೂಡು ಬಾವಿಯಿಂದ ಆ ಕಡಿಗೆ ಒಯ್ಯಲಿ, ಹಿಕ್ಕಿ ದಿನಾ ತಗದು ಸುಣ್ಣ ಹಾಕಲಿ. ಬರಕೊಟ್ಟರ ನಾ ಬಿಡ್ತಿದ್ದೆ. ಆದ್ರ ಈ ವಾಂತಿಭೇದಿ ಐತಲ್ರಿ ಟೀಚರ್? ಹೆಸರಿಲ್ಲದ ಅರ್ಜಿ ನಾವು ತಗೊಳ್ಳೂದೇ ಇಲ್ಲ. ಸಣ್ಣ ಮಕ್ಕಳ ಸುದ್ದಿ ಅಂದ ಮ್ಯಾಲೆ ಬಿಡಾಕ ಬರಲಿಲ್ಲ. ಬರದವರ ಬಂದು ಅದು ಸುಳ್ಳು ಅಂತ ಹೆಸರು ಹಾಕಿ ಬರಕೊಡಬೇಕು. ಇಲ್ಲಂದ್ರ ಎಲ್ಲಾ ತೆಗಿಸಬೇಕಾಗತೈತಿ."

ಅಕ್ಕ ಸೀಯಾಳ ಕೊಚ್ಚಲು ಒಳಗೆ ಹೋದರು. ಆ ಹುಡುಗಿ ಫೈಲು ತೆಗೆದು ಎರಡು ಕಾಗದ ಹೊರಗೆಳೆದು ಬಾವಿಕಟ್ಟೆಯ ಮೇಲೆ ಅಕ್ಕಪಕ್ಕದಲ್ಲಿಟ್ಟಳು. ಒಂದು ನೊಂದ ಸಾರ್ವಜನಿಕರದ್ದು, ಒಂದು ಬಡ ವಿಧವೆಯದ್ದು. ಎರಡರಲ್ಲೂ ದುಂಡಗೆ, ತಲೆಕಟ್ಟು ಒಂದೂ ತಪ್ಪದೆ, ಶಾಲೆಯ ಬೋರ್ಡಿನ ಮೇಲೆ ಬರೆದಂಥ ಅಕ್ಷರ.

"ಭಾಳ ಚಂದ ಅದಾವ್ರಿ ಟೀಚರ್, ನಿಮ್ಮ ಅಕ್ಷರ" ಎಂದಳು. ನಗಲಿಲ್ಲ, ಗದರಲೂ ಇಲ್ಲ. ಸೀಯಾಳ ಕುಡಿದು ಹೋದಳು. ಮರೆಮಾಚಿ ಬರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಕೆಟ್ಟ ಅಕ್ಷರದಲ್ಲಿ ಬರೆಯಲು ನನಗೆ ಗೊತ್ತಿದ್ದರೆ ತಾನೇ?

"ಎಂತ ಹೇಳಿದ್ಳು?" ಎಂದು ಅಕ್ಕ ಕೇಳಿದರು. ಬರೆದವರು ಬಂದು ಸುಳ್ಳೆಂದು ಒಪ್ಪಬೇಕಂತೆ ಎಂದೆ. ಅಕ್ಕ ನಕ್ಕರು. "ಹಾಗಾದ್ರೆ ಆಯ್ತು. ಅಷ್ಟು ಧೈರ್ಯ ಇರುವವರು ಹೆಸರು ಮೊದಲೇ ಹಾಕ್ತಿದ್ರು" ಎಂದರು. ಕನ್ನಡಿ ಹಿಡಿದ ಹಾಗೆ ಹೇಳಿ, ಕೋಳಿಗಳಿಗೆ ಅಕ್ಕಿನುಚ್ಚು ಹಾಕಲು ಹೋದರು.

ನಾನು ಎರಡು ದಿನ ಏನೂ ಮಾಡಲಿಲ್ಲ. ಮಾಡಬಹುದಾದದ್ದು ಒಂದೇ ಎಂದು ಗೊತ್ತಿದ್ದೂ, ಮನೆಯ ಒಳಗೂ ಹೊರಗೂ ತಿರುಗಿದೆ. ಅಂಗಳಕ್ಕೆ ಬಂದರೆ ಅಕ್ಕ, ಒಳಗೆ ಹೋದರೆ ಇವರು, ಕಣ್ಣು ಮುಚ್ಚಿದರೆ ಆ ಎರಡು ಕಾಗದ. ಆ ಕಡೆ ಅಕ್ಕ ಹುಂಜಗಳ ಕಾಲು ಕಟ್ಟಿ ಒಂದೊಂದಾಗಿ ಮಾರಿ ಕಳುಹಿಸಲು ಶುರುಮಾಡಿದ್ದರು. ಮೂರನೆಯ ಬೆಳಿಗ್ಗೆ ಬಂದು ಜಗಲಿಯಲ್ಲಿ ಕೂತರು, ಎಂದಿನ ಹಾಗೆ ಕಾಲು ನೀಡಿ ಅಲ್ಲ, ಮಡಿಸಿ.

"ತಮ್ಮ ಫೋನ್ ಮಾಡಿದ್ದ. ಸಾಮಾನು ಕಟ್ಟು, ಜೀಪ್ ತರ್ತೇನೆ ಅಂದ. ಪಿಂಚಣಿ ಅವನ ಊರಿನ ಪೋಸ್ಟಿಗೆ ಬದಲಿಸ್ಲಿಕ್ಕೆ ಒಂದು ಅರ್ಜಿ ಬರ್ದು ಕೊಡಿ ಟೀಚರೇ. ಇದು ಕಡೇದು, ಇನ್ನು ನಿಮಗೆ ಉಪದ್ರ ಕೊಡುವುದಿಲ್ಲ."

ಪೆನ್ನು ಕೈಯಲ್ಲಿತ್ತು. ಮಾನ್ಯರೇ ಎಂದು ಬರೆದೆ. ಮುಂದೆ ಒಂದು ಅಕ್ಷರ ಬರಲಿಲ್ಲ. "ಅಕ್ಕಾ, ಇದು ಆಮೇಲೆ. ಮೊದಲು ಆಫೀಸಿಗೆ ಹೋಗುವ. ಸೀರೆ ಬದಲಿಸಿ ಬನ್ನಿ" ಎಂದೆ.

ಅವರು ಹೋದ ಮೇಲೆ ಒಳಗೆ ಕೂತು ಬರೆದೆ. ಈ ಸಲ ಹೆಸರು, ಗಂಡನ ಹೆಸರು, ಮನೆ ನಂಬರು, ಎಲ್ಲ. ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತಡೆಯಲಿಲ್ಲ. "ರಿಕ್ಷಾ ಕರೀಲಾ?" ಎಂದಷ್ಟೇ ಕೇಳಿದರು.

ರಿಕ್ಷಾದಲ್ಲಿ ಅಕ್ಕ ನನ್ನ ಕೈ ಹಿಡಿದು ಕೂತಿದ್ದರು. ಅರ್ಜಿ ಬರೆದವರನ್ನು ನಾನು ಹಿಡಿದುಬಿಟ್ಟಿದ್ದೇನೆ, ಟೀಚರೆಂದರೆ ಸುಮ್ಮನೆಯಾ ಎಂದು ಅವರು ತಿಳಿದಿದ್ದರು. ದಾರಿಯಲ್ಲಿ ಹೇಳಿಬಿಡಬೇಕು ಎಂದುಕೊಂಡೆ. ಬಿಕರ್ನಕಟ್ಟೆ ಕಳೆಯಲಿ, ಆ ಸಿಗ್ನಲ್ ಕಳೆಯಲಿ, ಸೇತುವೆ ಕಳೆಯಲಿ. ಎಲ್ಲ ಕಳೆಯಿತು, ಆಫೀಸೇ ಬಂತು. ಆಗ ನನಗೆ ನಾನೇ ಇನ್ನೊಂದು ಉಪಾಯ ಹೇಳಿಕೊಂಡೆ. ಕಾಗದ ಇನ್‌ಸ್ಪೆಕ್ಟರಿಗೆ ಕೊಡುವುದು, ಅವಳೇ ಅಕ್ಕನಿಗೆ ಹೇಳಲಿ, ಆ ಹೊತ್ತಿಗೆ ನಾನು ಹೊರಗೆ ವರಾಂಡದಲ್ಲಿ ನಿಂತಿರುತ್ತೇನೆ. ಇಷ್ಟಾದ ಮೇಲೂ ಓಡಿಹೋಗಲು ಸಂದು ಹುಡುಕುತ್ತಿದ್ದೆ ನೋಡಿ.

ಆ ಹುಡುಗಿ ಕಾಗದ ಓದಿ ತಲೆಯಾಡಿಸಿದಳು. "ಇದನ್ನ ಅವರಿಗೂ ಓದಿ ಹೇಳಬೇಕ್ರಿ. ತಿಳಿದು ಒಪ್ಪಿದೀನಿ ಅಂತ ಅವರೂ ಸಹಿ ಹಾಕಬೇಕು. ನಾ ಓದ್ಲಿ?"

ನಾನು ಆಗಲೇ ಕುರ್ಚಿಯಿಂದ ಎದ್ದಿದ್ದೆ. ಅಕ್ಕ ನನ್ನ ಸೆರಗು ಹಿಡಿದು ಕೂರಿಸಿದರು. "ಆಯಮ್ಮ ಹೇಳಿದ್ದು ನನಗೆ ಎಂತದೂ ತಿಳಿಯುವುದಿಲ್ಲ. ನೀವೇ ಓದಿ. ಯಾವಾಗಲೂ ನೀವೇ ಅಲ್ವಾ ಓದುವುದು" ಎಂದರು.

ಕಾಗದ ನನ್ನ ಕೈಗೆ ಬಂತು. ಎದುರು ಕೂತವಳಿಗೆ ತುಳು ಬಾರದು, ಪಕ್ಕದಲ್ಲಿ ಕೂತವರಿಗೆ ಕನ್ನಡ ಬಾರದು, ಸುತ್ತ ಯಾರೂ ಕಿವಿಗೊಡುತ್ತಿರಲಿಲ್ಲ. ಬರೆದವರು ಬೇರೆ ಯಾರೋ, ಹೆಸರು ಹೇಳಬೇಡಿ ಎಂದಿದ್ದಾರೆ ಎಂದು ತುಳುವಿನಲ್ಲಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಕ್ಕ ಸಹಿ ಹಾಕುತ್ತಿದ್ದರು, ಕೋಳಿ ಉಳಿಯುತ್ತಿತ್ತು, ನಾನೂ ಉಳಿಯುತ್ತಿದ್ದೆ. ಆ ಮಾತು ಬಾಯಿಯ ತನಕ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅಕ್ಕ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಪೂರ್ತಿ ನಂಬಿ.

ಓದಿದೆ. ಒಂದು ಸಾಲು ಕನ್ನಡ, ಒಂದು ಸಾಲು ತುಳು. ಕೋಳಿಗಳ ವಿರುದ್ಧ ಹೆಸರಿಲ್ಲದೆ ಬಂದ ಅರ್ಜಿ ನಾನು ಬರೆದದ್ದು. ನೂರಾರು ಕೋಳಿ ಎಂದದ್ದು ಸುಳ್ಳು. ಬಾವಿಯ ನೀರು ಕೆಟ್ಟಿಲ್ಲ. ನಮ್ಮ ಓಣಿಯಲ್ಲಿ ಯಾವ ಮಗುವಿಗೂ ವಾಂತಿಭೇದಿ ಆಗಿರಲಿಲ್ಲ. ಅದನ್ನು ನಾನು ಸಿಟ್ಟಿನಲ್ಲಿ ಸೇರಿಸಿದ್ದು.

ನನ್ನ ಸೆರಗು ಅಕ್ಕನ ಕೈಯಲ್ಲೇ ಇತ್ತು, ಬಿಟ್ಟರು. ಆ ಹುಡುಗಿ ಪೆನ್ನು ಮುಂದಿಟ್ಟು ಸಹಿಯ ಜಾಗ ತೋರಿಸಿದಳು. ಅಕ್ಕ ಬಗ್ಗಿ, ಒಂದೊಂದೇ ಅಕ್ಷರವಾಗಿ, ನಿಧಾನಕ್ಕೆ ತಮ್ಮ ಹೆಸರು ಬರೆದರು. ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. ಬೈಯಲಿ, ಮುಖಕ್ಕೆ ಉಗಿಯಲಿ ಎಂದು ನಾನು ಕಾಯುತ್ತಿದ್ದೆ. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಬಸ್ಸು ತಪ್ಪಿದವರು ಮುಂದೇನು ಎಂದು ಯೋಚಿಸುವ ಹಾಗೆ ನನ್ನ ಕಡೆ ತಿರುಗಿ ಕೇಳಿದರು:

"ಇನ್ನು ನನಗೆ ಕಾಗದ ಬಂದ್ರೆ ಯಾರತ್ರ ಓದಿಸುವುದು ಟೀಚರೇ?"